ಬರೆದುಕೊಟ್ಟ ಮಾತು, ಬೀಗ ಹಾಕಿದ ಬೀರು

ನಮ್ಮ ಹೈಸ್ಕೂಲುಗಳ ಚರ್ಚಾ ಸ್ಪರ್ಧೆಯನ್ನು ಒಮ್ಮೆಯಾದರೂ ಕೂತು ಕೇಳಿದವರಿಗೆ ಅದರ ಮೊದಲ ನಿಮಿಷ ಹೇಗಿರುತ್ತದೆಂದು ಗೊತ್ತು. ವೇದಿಕೆಯ ಮೇಲೆ ಆಸೀನರಾಗಿರುವ ಅಧ್ಯಕ್ಷರಿಗೆ ಒಂದು ನಮಸ್ಕಾರ, ನಿರ್ಣಾಯಕರಿಗೆ ಒಂದು, ಗುರುವೃಂದಕ್ಕೆ ಒಂದು, ಸಹಸ್ಪರ್ಧಿಗಳಿಗೆ ಒಂದು. ಆಮೇಲೆ ವಿಷಯದ ಹೆಸರು. ಆಮೇಲೆ ಒಂದು ಗಾದೆ, ಒಂದು ವಚನದ ತುಣುಕು, ಗಾಂಧೀಜಿ ಹೇಳಿದರೆಂದು ಯಾರೋ ಹೇಳಿದ ಒಂದು ಮಾತು. ಇಷ್ಟಾಗುವಷ್ಟರಲ್ಲಿ ಎಚ್ಚರಿಕೆಯ ಬೆಲ್ ಹೊಡೆಯುತ್ತದೆ. ವಿಷಯದ ‘ಪರ’ ಮಾತಾಡಿದ ಮಗು ಹೇಳಿದ್ದನ್ನು ‘ವಿರೋಧ’ ಮಾತಾಡಬೇಕಾದ ಮಗು ಕೇಳಿಸಿಕೊಂಡೇ ಇರುವುದಿಲ್ಲ. ತನ್ನ ಸರದಿ ಬರುವವರೆಗೂ ಅದು ಕಣ್ಣು ಮುಚ್ಚಿಕೊಂಡು ತನ್ನ ಎರಡು ಪುಟಗಳನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿರುತ್ತದೆ. ಆ ಎರಡು ಪುಟಗಳನ್ನು ಬರೆದದ್ದು ಕನ್ನಡ ಮೇಷ್ಟ್ರು, ಇಲ್ಲವೇ ಸಮಾಜ ವಿಜ್ಞಾನದ ಮೇಡಂ. ಮಗು ಮರೆತು ನಿಂತರೆ ಸಭಿಕರು ಕರುಣೆಯಿಂದ ಚಪ್ಪಾಳೆ ತಟ್ಟುತ್ತಾರೆ. ಇದಕ್ಕೆ ಚರ್ಚೆ ಎಂದು ಹೆಸರು. ಸರಕಾರದ ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ ಎಂಬ ಬೇರೆಯೇ ಸ್ಪರ್ಧೆಯೂ ಇದೆ. ಎರಡಕ್ಕೂ ಪ್ರತ್ಯೇಕ ಬಹುಮಾನ ಯಾಕೆ ಕೊಡುತ್ತಾರೋ ನನಗೆ ಇಂದಿಗೂ ತಿಳಿದಿಲ್ಲ.

ಚರ್ಚಾ ಸ್ಪರ್ಧೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಬೇರೆ. ಇದೇ ಶಾಲೆಗಳಲ್ಲಿ, ಮುಖ್ಯೋಪಾಧ್ಯಾಯರ ಕೋಣೆಯಲ್ಲಿ, ಚರ್ಚಾ ಸ್ಪರ್ಧೆಯಲ್ಲಿ ಗೆದ್ದ ಶೀಲ್ಡುಗಳ ಪಕ್ಕದಲ್ಲೇ ಒಂದು ಕಬ್ಬಿಣದ ಬೀರು ನಿಂತಿರುತ್ತದೆ. ಅದರೊಳಗೆ ಕಾರಂತರು, ಕುವೆಂಪು, ತ್ರಿವೇಣಿ, ತೇಜಸ್ವಿ ಇರುತ್ತಾರೆ. ಅದೃಷ್ಟವಿದ್ದರೆ ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿಯೂ ಇರುತ್ತಾರೆ. ಬೀರುವಿಗೆ ಬೀಗ. ಪುಸ್ತಕ ಕಳೆದರೆ ಯಾರು ಜವಾಬ್ದಾರಿ ಎಂಬ ಭಯಕ್ಕೆ ಹಾಕಿದ ಬೀಗ ಅದು. ಸಾಹೇಬರು ತಪಾಸಣೆಗೆ ಬಂದ ದಿನ ಮಾತ್ರ ತೆರೆಯುತ್ತದೆ. ಮಾತಾಡು ಎಂದು ಮಗುವನ್ನು ವೇದಿಕೆಗೆ ನೂಕುವ ಶಾಲೆ, ಮಾತಾಡಲು ಬೇಕಾದದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತದೆ. ಇದರಿಂದ ಎಲ್ಲ ಮಕ್ಕಳಿಗೂ ನಷ್ಟವೇ. ಆದರೆ ಮುಸ್ಲಿಂ ಮಕ್ಕಳಿಗೆ ಆಗುವ ನಷ್ಟ ಬೇರೆ ಬಗೆಯದು.

ನಾನು ಏಳನೇ ತರಗತಿಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ. ಎಂಟನೆಯದಕ್ಕೆ ಕನ್ನಡ ಮಾಧ್ಯಮದ ಹೈಸ್ಕೂಲು ಸೇರಿದ್ದು 1993ರ ಜೂನ್‌ನಲ್ಲಿ, ಬಾಬರಿ ಮಸೀದಿ ಬಿದ್ದ ಆರು ತಿಂಗಳಿಗೆ. ಆ ವರ್ಷ ನಮ್ಮ ಕಡೆಯ ಭಾಷಣ, ಚರ್ಚೆ, ಪ್ರಬಂಧಗಳಲ್ಲಿ ಮುಕ್ಕಾಲು ಪಾಲಿಗೆ ಒಂದೇ ವಿಷಯ: ರಾಷ್ಟ್ರೀಯ ಭಾವೈಕ್ಯ. ಶಾಲೆಯಿಂದ ಯಾರನ್ನು ಕಳಿಸುವುದು ಎಂಬ ಪ್ರಶ್ನೆಯೇ ಏಳಲಿಲ್ಲ. ನನ್ನ ಕನ್ನಡ ಆಗಿನ್ನೂ ಳಕಾರ ಣಕಾರಗಳಲ್ಲಿ ಎಡವುತ್ತಿತ್ತು. ನನಗಿಂತ ಚೆನ್ನಾಗಿ ಮಾತಾಡುವ ನಾಲ್ಕು ಹುಡುಗಿಯರು ತರಗತಿಯಲ್ಲಿದ್ದರು. ಆದರೆ ಅವರ ಹೆಸರುಗಳಿಂದ ಭಾವೈಕ್ಯ ಸಾಬೀತಾಗುತ್ತಿರಲಿಲ್ಲ. ಮೂರು ವರ್ಷ ನಾನು ಭಾವೈಕ್ಯದ ಪರವಾಗಿ ಮಾತಾಡಿದೆ. ‘ವಿಜ್ಞಾನ ವರವೋ ಶಾಪವೋ’ ನನಗೆ ಒಮ್ಮೆಯೂ ಸಿಗಲಿಲ್ಲ. ಅಣೆಕಟ್ಟು, ಪರಿಸರ, ದೂರದರ್ಶನ ಇವೆಲ್ಲ ಉಳಿದವರ ಪಾಲು. ನನ್ನ ತಲೆಮಾರಿನ ಮುಸ್ಲಿಂ ಹುಡುಗ ಹುಡುಗಿಯರನ್ನು ಕೇಳಿ ನೋಡಿ, ಹತ್ತರಲ್ಲಿ ಏಳು ಮಂದಿ ಇದೇ ಕಥೆ ಹೇಳುತ್ತಾರೆ. ವೇದಿಕೆಯಿಂದ ಇಳಿದ ಮೇಲೆ ಸಿಗುವ ಪ್ರಶಂಸೆಯೂ ಎಲ್ಲರಿಗೂ ಒಂದೇ: “ನಿಮ್ಮ ಕನ್ನಡ ಎಷ್ಟು ಸ್ಪಷ್ಟ!”

ಇದು ಹಳೆಯ ಕಾಲದ ಮಾತು, ಈಗ ಹಾಗಿಲ್ಲ ಎನ್ನುವವರಿಗಾಗಿ ನನ್ನ ತಂಗಿಯ ಮಗಳ ವಿಷಯ ಹೇಳಬೇಕು. ತಾಲ್ಲೂಕು ಕೇಂದ್ರವೊಂದರ ಹೈಸ್ಕೂಲಿನಲ್ಲಿ ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ ಅಂತರಶಾಲಾ ಚರ್ಚಾ ಸ್ಪರ್ಧೆಗೆ ಆಯ್ಕೆಯಾದಳು. ವಿಷಯ: ತ್ರಿವಳಿ ತಲಾಕ್ ನಿಷೇಧ ಕಾಯ್ದೆ ಮುಸ್ಲಿಂ ಮಹಿಳೆಯರನ್ನು ಸಬಲರನ್ನಾಗಿ ಮಾಡಿದೆ. ಇವಳಿಗೆ ಕೊಟ್ಟದ್ದು ‘ಪರ’. ಮೇಷ್ಟ್ರು ಬರೆದುಕೊಟ್ಟ ಎರಡು ಪುಟ. ಅದರಲ್ಲಿ ‘ಕತ್ತಲ ಕೂಪ’, ‘ಶೋಷಣೆಯ ಸಂಕೋಲೆ’ ಮುಂತಾದ ಪದಗಳಿದ್ದವು. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಹೆಸರಿತ್ತು, 2019ರ ಕಾಯ್ದೆಯಲ್ಲಿ ಗಂಡನಿಗೆ ಮೂರು ವರ್ಷದವರೆಗೆ ಜೈಲಿದೆ ಎಂಬ ಮಾಹಿತಿಯಿತ್ತು. ಅವಳು ಮೂರು ದಿನದಲ್ಲಿ ಬಾಯಿಪಾಠ ಮಾಡಿದಳು. ಎರಡನೇ ಬಹುಮಾನ ಬಂತು. ನಿರ್ಣಾಯಕರಲ್ಲಿ ಒಬ್ಬರು ಮೈಕಿನಲ್ಲೇ, ಅಂಥ ಸಮುದಾಯದಿಂದ ಬಂದು ಇಷ್ಟು ಧೈರ್ಯ ಮಾಡಿದ್ದಾಳೆ ಎಂದು ಹೊಗಳಿದರು. ಯಾರೋ ವಿಡಿಯೋ ಮಾಡಿ ವಾಟ್ಸಪ್ಪಿಗೆ ಹಾಕಿದರು. ರಾತ್ರಿ ಇಶಾ ನಮಾಜು ಮುಗಿಯುವ ಹೊತ್ತಿಗೆ ಅದು ಮೊಹಲ್ಲಾದ ಎಲ್ಲರ ಫೋನಿಗೂ ಮುಟ್ಟಿ, ಹುಡುಗಿಯ ಅಬ್ಬಾನನ್ನು ಇಬ್ಬರು ಹಿರಿಯರು ಮಸೀದಿಯ ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದರು: “ಮಗಳಿಗೆ ಇದನ್ನೆಲ್ಲ ಹೇಳಿಕೊಟ್ಟದ್ದು ಯಾರು?”

ನಿರ್ಣಾಯಕರೂ ಹಿರಿಯರೂ ಒಂದು ವಿಷಯದಲ್ಲಿ ಸಮಾನರು. ನೀನೇನು ಯೋಚಿಸುತ್ತೀ ಮಗಳೇ ಎಂದು ಇಬ್ಬರೂ ಕೇಳಲಿಲ್ಲ. ಒಬ್ಬರಿಗೆ ಅವಳ ಧೈರ್ಯ ಕಂಡಿತು, ಇನ್ನೊಬ್ಬರಿಗೆ ಅವಳ ಉದ್ಧಟತನ ಕಂಡಿತು. ಅವಳಲ್ಲಿದ್ದದ್ದು ಎರಡೂ ಅಲ್ಲ, ಒಳ್ಳೆಯ ಜ್ಞಾಪಕಶಕ್ತಿ.

ಆ ವಾರ ನಾನು ಅವರ ಮನೆಗೆ ಹೋಗಿದ್ದೆ. ಮನೆಯಲ್ಲಿ ಎಲ್ಲರೂ ಆ ವಿಡಿಯೋ ಬಗ್ಗೆಯೇ ಮಾತಾಡುತ್ತಿದ್ದಾಗ ಅವಳು ಅಡುಗೆಮನೆಯಲ್ಲಿ ನನ್ನ ಪಕ್ಕ ಬಂದು ನಿಂತು ಕೇಳಿದಳು: “ಖಾಲಾ, ತಲಾಕ್ ಆದಮೇಲೆ ಆ ಹೆಂಗಸರು ಎಲ್ಲಿರ್ತಾರೆ?” ನೋಡಿ, ಆ ಎರಡು ಪುಟಗಳಲ್ಲಿ ಇಲ್ಲದ ಪ್ರಶ್ನೆ ಇದು. ‘ವಿರೋಧ’ ಮಾತಾಡಿದ ಮಗುವಿನ ಎರಡು ಪುಟಗಳಲ್ಲೂ ಇದ್ದಿರಲಾರದು. ಕಾಯ್ದೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಅವಳಿಗೆ ಹೇಳಬಹುದಿತ್ತು. ಹಾಗೆ ಮಾಡಿದ್ದರೆ ಮೂರನೆಯ ಎರಡು ಪುಟ ಬರೆದುಕೊಟ್ಟಂತಾಗುತ್ತಿತ್ತು. ನಾನು ಕೊಟ್ಟದ್ದು ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’. 1980ರ ದಶಕದ ಮೊದಲಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ ಅದು. ಕಾಸರಗೋಡಿನಲ್ಲಿ ಹುಟ್ಟಿ, ಮುಸ್ಲಿಂ ಹೆಣ್ಣುಮಕ್ಕಳು ಹೈಸ್ಕೂಲು ಮುಗಿಸುವುದೇ ಅಪರೂಪವಾಗಿದ್ದ ಕಾಲದಲ್ಲಿ ಮುಗಿಸಿದ ಹೆಂಗಸೊಬ್ಬರು ಬರೆದದ್ದು. ಆ ಹೆಂಗಸು 2023ರ ಜನವರಿಯಲ್ಲಿ ತೀರಿಕೊಂಡರು. ಅವರ ಈ ಪುಸ್ತಕ ನಮ್ಮ ಎಷ್ಟು ಮನೆಗಳಲ್ಲಿದೆ?

ಎರಡು ರಾತ್ರಿಯಲ್ಲಿ ಓದಿ ಮುಗಿಸಿದಳು. ಆಮೇಲೆ ಅವಳು ಕೇಳಿದ ಪ್ರಶ್ನೆಗಳನ್ನು ಯಾವ ನಿರ್ಣಾಯಕರ ಮುಂದಾದರೂ ಇಡಬಹುದು. ಆ ಕಾದಂಬರಿಯಲ್ಲಿ ನಾದಿರಾಳ ತಲಾಕ್ ಆಗುವುದು ಗಂಡನಿಗೆ ಅವಳು ಬೇಡವಾದಳು ಎಂದಲ್ಲ. ಗಂಡ ರಶೀದನಿಗೆ ಅವಳು ಬೇಕು, ಅವಳಿಗೂ ಗಂಡ ಬೇಕು, ನಡುವೆ ಕೂಸಿದೆ. ತಲಾಕ್ ಬೇಕಾದದ್ದು ಅವಳ ತಂದೆಯ ಹಟಕ್ಕೆ. ಆಮೇಲೆ ಗಂಡ ಹೆಂಡತಿ ಮತ್ತೆ ಒಂದಾಗಬೇಕೆಂದರೆ ಅವಳು ಇನ್ನೊಬ್ಬನೊಂದಿಗೆ ನಿಕಾಹ್ ಮಾಡಿಕೊಂಡು ಒಂದು ರಾತ್ರಿ ಕಳೆಯಬೇಕೆಂಬ ಕಟ್ಟಳೆ ಎದುರು ನಿಲ್ಲುತ್ತದೆ. ಅವಳು ಮಸೀದಿಯ ಕೊಳಕ್ಕೆ ಹಾರುತ್ತಾಳೆ. ನಮ್ಮ ಹುಡುಗಿಯ ಪ್ರಶ್ನೆ ಇದು: “ಈಗಿನ ಕಾಯ್ದೆ ಆಗಲೇ ಇದ್ದಿದ್ರೆ ಜೈಲಿಗೆ ಹೋಗ್ತಿದ್ದದ್ದು ರಶೀದ್ ಅಲ್ವಾ? ಅವಳ ಅಬ್ಬಾ ಹೊರಗೇ ಇರ್ತಿದ್ದರಾ?” ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು: “ಆದರೆ ಆ ಅಬ್ಬಾನೂ ಮಗಳನ್ನ ಪ್ರೀತಿಸ್ತಿದ್ದರು, ಅದು ಸುಳ್ಳಲ್ಲ.”

ಪ್ರಬಂಧ ಬರೆಯುವ ನಮ್ಮಂಥವರಿಗೆ ಹತ್ತು ವರ್ಷ ಹಿಡಿಯುವ ಜಾಗಕ್ಕೆ ಒಂಬತ್ತನೇ ತರಗತಿಯ ಹುಡುಗಿ ಎರಡು ರಾತ್ರಿಯಲ್ಲಿ ಬಂದು ನಿಂತಿದ್ದಳು. ಅವಳು ಕಾಯ್ದೆಯನ್ನು ಬೆಂಬಲಿಸುವವಳಾಗಿಯೂ ಬರಲಿಲ್ಲ, ವಿರೋಧಿಸುವವಳಾಗಿಯೂ ಬರಲಿಲ್ಲ. ಕಾಯ್ದೆಯ ಕೈ ಎಲ್ಲಿಯವರೆಗೆ ಚಾಚುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಅವಳಿಗೆ ಕಂಡಿತ್ತು. ತಪ್ಪು ಮಾಡಿದ ಮನುಷ್ಯನ ಎದೆಯಲ್ಲೂ ಪ್ರೀತಿ ಇರಬಹುದೆಂದು ಕಂಡಿತ್ತು. ಹಾಗೆಂದು ತಪ್ಪನ್ನು ಅವಳು ಮನ್ನಿಸಿರಲಿಲ್ಲ. ಪರ-ವಿರೋಧದ ಪಟ್ಟಿಯಲ್ಲಿ ಇಂಥ ಮಾತಿಗೆ ಕಾಲಂ ಇಲ್ಲ.

ಆಮೇಲೆ ಓದಿನ ಹಸಿವು ಹತ್ತಿತು. ನಾನು ಕಳಿಸಿದ ‘ಚೋಮನ ದುಡಿ’ ಓದಿದಳು. 1933ರಲ್ಲಿ ಕಾರಂತರು ಬರೆದ ಪುಟ್ಟ ಕಾದಂಬರಿ. ಒಂದು ತುಂಡು ನೆಲವನ್ನು ತಾನೇ ಉಳಬೇಕೆಂಬ ಹೊಲೆಯರ ಚೋಮನ ಆಸೆ, ಅದು ಕೈಗೂಡದೆ ಅವನು ಬಡಿಯುವ ದುಡಿ. ಬಜಾರಿನ ಮುಸ್ಲಿಂ ಹುಡುಗಿಗೆ ಗದ್ದೆಯೂ ಗೊತ್ತಿಲ್ಲ, ಆ ಕಾಲದ ಒಡೆಯರ ಅಂಗಳವೂ ಗೊತ್ತಿಲ್ಲ. ಆದರೂ ಎರಡು ದಿನ ಅವಳು ಚೋಮನ ಗುಡಿಸಲಿನಲ್ಲಿದ್ದು ಬಂದಳು. ಅತ್ತ ‘ಚಂದ್ರಗಿರಿಯ ತೀರದಲ್ಲಿ’ಯನ್ನು ಅವಳ ಬೆಂಚಿನ ಗೆಳತಿ, ಹಿಂದೂ ಹುಡುಗಿ, ಕೇಳಿ ತೆಗೆದುಕೊಂಡು ಹೋದಳು. ಹಿಂದಿರುಗಿಸುವಾಗ ಆ ಹುಡುಗಿ ಹೇಳಿದ್ದಿಷ್ಟು: “ನಮ್ಮ ಅತ್ತೆಯನ್ನೂ ನಮ್ಮ ತಾತ ಹೀಗೇ ವಾಪಸ್ ಕರ್ಕೊಂಡು ಬಂದಿದ್ದರು. ಅವರು ಮತ್ತೆ ಹೋಗಲೇ ಇಲ್ಲ.” ಮೂರು ವರ್ಷ ನಾನು ಭಾವೈಕ್ಯದ ಮೇಲೆ ಮಾಡಿದ ಭಾಷಣಗಳಿಂದ ಒಬ್ಬ ಸಹಪಾಠಿಯೂ ನನ್ನ ಹತ್ತಿರ ಬಂದು ತನ್ನ ಮನೆಯ ಅತ್ತೆಯ ಮಾತು ಎತ್ತಿರಲಿಲ್ಲ.

ಮುಂದಿನದ್ದನ್ನು ಊಹಿಸುವುದು ಕಷ್ಟವಲ್ಲ. ಒಂದು ದಿನ ಗಣಿತದ ಪೀರಿಯಡ್ಡಿನಲ್ಲಿ ಬ್ಯಾಗಿನಿಂದ ಕಾದಂಬರಿ ಹೊರಗೆ ಬಂತು. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಆರುನೂರ ಇಪ್ಪತ್ತೈದಕ್ಕೆ ಎಷ್ಟು ತೆಗೆಯುತ್ತೀ, ಕಥೆಪುಸ್ತಕ ಓದುತ್ತಾ ಕೂತಿದ್ದೀಯಲ್ಲ ಎಂದು ಬೈದು ಪುಸ್ತಕ ಕಿತ್ತಿಟ್ಟುಕೊಂಡರು. ಮನೆಗೆ ಫೋನು ಹೋಯಿತು. ಮನೆಯಲ್ಲಿ ದೊಡ್ಡ ಚಾಚಾ, “ನಾವೆಲ್ ಪಡ್‌ಕೋ ಕ್ಯಾ ಕರ್ತೀ? ಬಿಗಡ್ ಜಾತೀ” ಎಂದು ತೀರ್ಪು ಕೊಟ್ಟರು. ಕೋಮು ಸೌಹಾರ್ದದ ಇಷ್ಟು ಒಳ್ಳೆಯ ಉದಾಹರಣೆಯನ್ನು ನಾನು ಈಚೆಗೆ ಕಂಡಿಲ್ಲ. ವಿಡಿಯೋ ವಿಷಯದಲ್ಲಿ ಶಾಲೆ ಒಂದು ದಿಕ್ಕು, ಮೊಹಲ್ಲಾ ಒಂದು ದಿಕ್ಕು. ಹುಡುಗಿ ಕಾದಂಬರಿ ಓದಬಾರದೆನ್ನುವಾಗ ಮಾತ್ರ ಇಬ್ಬರೂ ಒಂದೇ ಸಾಲಿನಲ್ಲಿ ನಿಂತರು.

ಶಾಲೆಯ ಕಾರಣ ಅಂಕ. ಮೊಹಲ್ಲಾದ ಕಾರಣಕ್ಕೆ ಸ್ವಲ್ಪ ಹಳೆಯ ಬೇರಿದೆ, ಅದನ್ನು ನಾವೇ ಅಗೆದು ನೋಡಬೇಕು. ಉರ್ದುವಿನ ಮೊದಲ ಕಾದಂಬರಿ ಎಂದು ಸಾಮಾನ್ಯವಾಗಿ ಹೆಸರಿಸುವುದು ಡೆಪ್ಯುಟಿ ನಜೀರ್ ಅಹ್ಮದರ ‘ಮಿರಾತುಲ್ ಉರೂಸ್’, 1869ರದು. ಹೆಣ್ಣುಮಕ್ಕಳು ಓದಲೆಂದೇ ಬರೆದದ್ದು. ಅದೇ ನಜೀರ್ ಅಹ್ಮದರು ಮುಂದಿನ ದಶಕದಲ್ಲಿ ‘ತೌಬತುನ್ನಸೂಹ್’ ಬರೆದರು. ಅದರಲ್ಲಿ ಕಾಲರಾದಿಂದ ಬದುಕಿ ಉಳಿದ ನಸೂಹ್ ಎಂಬ ತಂದೆ ಇಡೀ ಕುಟುಂಬವನ್ನು ತಿದ್ದಲು ಹೊರಡುತ್ತಾನೆ. ದೊಡ್ಡ ಮಗ ಕಲೀಂ ಕವಿ, ಮಾತು ಕೇಳುವುದಿಲ್ಲ, ಮನೆ ಬಿಟ್ಟು ಹೋಗುತ್ತಾನೆ. ತಂದೆ ಮಗನ ಕೋಣೆಗೆ ನುಗ್ಗಿ ಅವನ ಪುಸ್ತಕಗಳನ್ನು ಸುಟ್ಟು ಹಾಕುತ್ತಾನೆ. ಕಾದಂಬರಿಕಾರನೇ ಕಾದಂಬರಿಯೊಳಗೆ ಪುಸ್ತಕ ಸುಡಿಸಿದ! ನಮ್ಮ ಮನೆಗಳಲ್ಲಿ ನಸೂಹನ ಸಂತತಿ ಇನ್ನೂ ಇದೆ. ಆದರೆ ಒಂದು ಮಾತು ಹೇಳಬೇಕು. ಓದಿದವರ ಮನಸ್ಸಿನಲ್ಲಿ ಉಳಿಯುವವನು ನಸೂಹ್ ಅಲ್ಲ, ಹಾಳಾಗಿ ಸತ್ತ ಆ ಕಲೀಂ. ಬರೆದವರ ಉಪದೇಶವನ್ನೂ ಮೀರಿ ಓದುಗನ ಕರುಣೆ ಬೇರೆ ಕಡೆ ಹರಿದುಬಿಡುತ್ತದೆ. ಬಹುಶಃ ಹಿರಿಯರ ಭಯವೂ ಇದೇ ಇರಬೇಕು: ಕಾದಂಬರಿ ಓದುವ ಹುಡುಗಿ ಯಾರ ಕಡೆ ನಿಲ್ಲುತ್ತಾಳೆಂದು ಮೊದಲೇ ಹೇಳಲು ಬರುವುದಿಲ್ಲ.

ಹೆಂಗಸರು ಓದಲಿಲ್ಲವೆಂದಲ್ಲ, ಕದ್ದು ಓದಿದರು. ನಮ್ಮ ಅಮ್ಮಿಯ ತಲೆದಿಂಬಿನ ಕೆಳಗೆ ‘ಬೀಸ್ವೀಂ ಸದೀ’, ‘ಪಾಕೀಝಾ ಆಂಚಲ್’ ಇರುತ್ತಿದ್ದವು. ಅಬ್ಬಾ ಬಾಡಿಗೆ ಲೈಬ್ರರಿಯಿಂದ ತರುತ್ತಿದ್ದ ಇಬ್ನೆ ಸಫಿಯ ಪತ್ತೇದಾರಿಗಳನ್ನು ಅಬ್ಬಾಗಿಂತ ಮೊದಲು ಅಮ್ಮಿಯೇ ಮುಗಿಸುತ್ತಿದ್ದರು. ಪಕ್ಕದ ಮನೆಯ ಕನ್ನಡದ ಅಕ್ಕ ಸಾಯಿಸುತೆಯನ್ನು ಸೆರಗಿನಲ್ಲಿ ಮುಚ್ಚಿ ತರುತ್ತಿದ್ದಳು. ಉರ್ದುವಿನಲ್ಲಿ ‘ಉಮ್ರಾವ್ ಜಾನ್ ಅದಾ’ ಬಂದದ್ದೂ, ಕನ್ನಡದಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದೂ ಒಂದೇ ವರ್ಷ, 1899ರಲ್ಲಿ. ಎರಡರ ನಡುಮನೆಯಲ್ಲೂ ಕೂತವಳು ಹೆಣ್ಣೇ. ಇಷ್ಟು ಕಾಲ ಕಳೆದ ಮೇಲೂ ಹೆಣ್ಣುಮಗು ಹೆಣ್ಣಿನ ಕಥೆಯನ್ನು ಬ್ಯಾಗಿನಲ್ಲಿ ಬಚ್ಚಿಟ್ಟು ಓದಬೇಕೇ?

ವಾದ ಮಾಡುವುದು ನಮ್ಮ ಪರಂಪರೆ, ಕಾದಂಬರಿ ಅಲ್ಲ ಎಂದು ಕೆಲವರು ಹೇಳುತ್ತಾರೆ. ಮುನಾಝರಾದ ಮಾತು ತೆಗೆಯುತ್ತಾರೆ. ಸರಿ, ಮುನಾಝರಾವನ್ನೇ ನೋಡೋಣ. 1854ರ ಏಪ್ರಿಲ್‌ನಲ್ಲಿ ಆಗ್ರಾದಲ್ಲಿ ಮೌಲಾನಾ ರಹಮತುಲ್ಲಾ ಕೈರಾನವಿಯವರಿಗೂ ಜರ್ಮನ್ ಪಾದ್ರಿ ಫಾಂಡರ್‌ಗೂ ಎರಡು ದಿನ ಪ್ರಸಿದ್ಧವಾದ ವಾಗ್ವಾದ ನಡೆಯಿತು. ಮೌಲಾನಾ ಅಲ್ಲಿ ಗೆದ್ದರು ಎಂದು ಹೆಮ್ಮೆಯಿಂದ ಹೇಳುವವರು ಅವರು ಹೇಗೆ ಸಿದ್ಧರಾಗಿದ್ದರು ಎಂಬುದನ್ನು ಹೇಳುವುದಿಲ್ಲ. ಅವರ ಜೊತೆಗಾರ ಡಾಕ್ಟರ್ ವಜೀರ್ ಖಾನ್ ಇಂಗ್ಲೆಂಡಿನಲ್ಲಿ ವೈದ್ಯ ಓದಿ ಬಂದವರು. ಬೈಬಲ್ಲಿನ ಬಗ್ಗೆ ಯೂರೋಪಿನ ವಿದ್ವಾಂಸರೇ ಬರೆದ ಪುಸ್ತಕಗಳು ಅವರ ಹತ್ತಿರವಿದ್ದವು. ಇಬ್ಬರೂ ಕೂತು ಎದುರಾಳಿಯ ಮನೆಯ ಪುಸ್ತಕಗಳನ್ನು ಓದಿದ್ದರು. ಫಾಂಡರ್ ತಬ್ಬಿಬ್ಬಾದದ್ದು ಅದಕ್ಕೆ. ಎದುರಿನವನ ಪುಸ್ತಕ ಓದದೆ ವಾದಕ್ಕೆ ಇಳಿಯುವುದು ಆ ಮೌಲಾನಾರಿಗೆ ಗೊತ್ತಿರಲಿಲ್ಲ.

ಈ ಕಡೆ ಭಾರತೀಯ ನ್ಯಾಯಶಾಸ್ತ್ರದವರು ಮಾತಿನ ಜಗಳವನ್ನು ವಾದ, ಜಲ್ಪ, ವಿತಂಡ ಎಂದು ಮೂರು ಮಾಡಿದ್ದಾರೆ. ನಿಜ ತಿಳಿಯಲು ಆಡುವುದು ವಾದ. ಗೆಲ್ಲಲು ಆಡುವುದು ಜಲ್ಪ. ತನ್ನದೇನೂ ಇಲ್ಲದೆ ಎದುರಿನವನದ್ದನ್ನು ಮುರಿಯಲಿಕ್ಕಷ್ಟೇ ಆಡುವುದು ವಿತಂಡ. ನಮ್ಮ ಶಾಲೆಗಳಲ್ಲಿ ನಡೆಯುವುದು ಹೆಚ್ಚೆಂದರೆ ಜಲ್ಪ. ಅದನ್ನು ನಾಲ್ಕು ವರ್ಷ ಅಭ್ಯಾಸ ಮಾಡಿದ ಮಕ್ಕಳು ದೊಡ್ಡವರಾದ ಮೇಲೆ ಏನು ಮಾಡುತ್ತಾರೆಂದು ತಿಳಿಯಲು ಸಂಜೆ ಟಿವಿ ಹಾಕಿದರೆ ಸಾಕು.

2022ರಲ್ಲಿ ಹಿಜಾಬಿನ ವಿಷಯ ಉಡುಪಿಯಿಂದ ಎದ್ದು ರಾಜ್ಯಕ್ಕೆಲ್ಲ ಹಬ್ಬಿದಾಗ ಕನ್ನಡದ ಚಾನೆಲ್ಲುಗಳಲ್ಲಿ ನಡೆದದ್ದು ಇದೇ ಚರ್ಚಾ ಸ್ಪರ್ಧೆ. ಒಂದು ಕಡೆ ಪರ, ಒಂದು ಕಡೆ ವಿರೋಧ, ನಡುವೆ ಬೆಲ್ ಹೊಡೆಯುವ ನಿರೂಪಕ. ಹದಿನಾರು ಹದಿನೇಳು ವರ್ಷದ ಹೆಣ್ಣುಮಕ್ಕಳ ಬಗ್ಗೆ ಐವತ್ತು ದಾಟಿದ ಗಂಡಸರು ತಿಂಗಳುಗಟ್ಟಲೆ ಕಿರುಚಿದರು. ಮಾರ್ಚ್ 15ರಂದು ಹೈಕೋರ್ಟು ತೀರ್ಪು ಕೊಟ್ಟಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬರ ಅಭಿಪ್ರಾಯವನ್ನು ಇನ್ನೊಬ್ಬರು ಒಪ್ಪದೆ ಎರಡು ಬೇರೆ ಬೇರೆ ತೀರ್ಪು ಬರೆದರು. ನ್ಯಾಯಮೂರ್ತಿಗಳೇ ಒಮ್ಮತಕ್ಕೆ ಬರಲಾಗದ ವಿಷಯವನ್ನು ನಮ್ಮ ಟಿವಿಗಳು ಅದಕ್ಕೆ ಎಂಟು ತಿಂಗಳ ಮೊದಲೇ, ಜಾಹೀರಾತಿನ ಎರಡು ಬಿಡುವುಗಳ ನಡುವೆ ತೀರ್ಮಾನಿಸಿ ಮುಗಿಸಿದ್ದವು. ಆ ಹುಡುಗಿಯರ ಮನೆಯಲ್ಲಿ ಬೆಳಿಗ್ಗೆ ಏನು ಮಾತುಕತೆ ಆಯಿತು, ಯಾರು ಬೇಡವೆಂದರು, ಯಾರು ಅತ್ತರು, ಗೇಟಿನಿಂದ ಹಿಂದಿರುಗಿದವಳ ಗೆಳತಿ ಒಳಗೆ ಕೂತು ಪಾಠ ಕೇಳಿದಳೋ ಇಲ್ಲವೋ? ಇದನ್ನು ಕೇಳುವ ಅಭ್ಯಾಸ ನಮಗೆ ತಪ್ಪಿಹೋಗಿದೆ. ಕಾದಂಬರಿ ಓದಿದ ಸಮಾಜ ಅದನ್ನು ಮೊದಲು ಕೇಳುತ್ತಿತ್ತು.

ಚರ್ಚಾ ಸ್ಪರ್ಧೆಯಿಂದ ಮಕ್ಕಳಿಗೆ ಧೈರ್ಯ ಬರುತ್ತದಲ್ಲ ಎನ್ನುತ್ತಾರೆ. ಬರುತ್ತದೆ. ಮೈಕಿನ ಮುಂದೆ ಕಾಲು ನಡುಗದೆ ನಿಲ್ಲುವುದು ನಮ್ಮ ಹೆಣ್ಣುಮಕ್ಕಳಿಗೆ ಸಣ್ಣ ಸಂಗತಿಯಲ್ಲ, ನನಗೂ ಅದು ಸಿಕ್ಕಿದ್ದು ಅಲ್ಲಿಂದಲೇ. ಅಮೆರಿಕದ ಮಾಲ್ಕಂ ಎಕ್ಸ್ ಮ್ಯಾಸಚೂಸೆಟ್ಸ್‌ನ ನಾರ್ಫೋಕ್ ಜೈಲಿನಲ್ಲಿ ಕೈದಿಯಾಗಿದ್ದಾಗ ಅಲ್ಲಿನ ಚರ್ಚಾಕೂಟದಲ್ಲಿ ಮಾತು ಕಲಿತ. ಆದರೆ ಅದೇ ಜೈಲಿನಲ್ಲಿ ಒಳ್ಳೆಯ ಗ್ರಂಥಾಲಯವಿತ್ತು, ಅದರ ಬಾಗಿಲು ಕೈದಿಗಳಿಗೆ ತೆರೆದಿತ್ತು, ಅವನು ರಾತ್ರಿ ದೀಪ ಆರಿದ ಮೇಲೂ ಓದಿದ. ಅವನು ಓದಿದ್ದು ಕಾದಂಬರಿಗಳಲ್ಲ, ಬಹುಪಾಲು ಚರಿತ್ರೆ ಎಂದು ಯಾರಾದರೂ ನನ್ನನ್ನು ತಿದ್ದಬಹುದು. ಒಪ್ಪುತ್ತೇನೆ. ಆದರೆ ಅವನ ಎರಡು ಪುಟಗಳನ್ನು ಜೈಲರ್ ಬರೆದುಕೊಡಲಿಲ್ಲ.

ಅಂಕದ ಮಾತಿಗೆ ಹೆಚ್ಚು ಹೊತ್ತು ಬೇಡ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ ನೂರ ಇಪ್ಪತ್ತೈದು ಅಂಕ, ಬೇರೆ ಯಾವ ವಿಷಯಕ್ಕೂ ಅಷ್ಟಿಲ್ಲ. ಉರ್ದು ಶಾಲೆಯಿಂದ ಬಂದ ನನಗೆ ಳಕಾರ ಸರಿಯಾದದ್ದು ವ್ಯಾಕರಣದಿಂದಲ್ಲ, ತ್ರಿವೇಣಿಯನ್ನು ಓದಿ.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, ಇಂಟರ್‌ನ್ಯಾಶನಲ್ ಬೂಕರ್ ಬಂತು. ಕನ್ನಡಕ್ಕೆ ಮೊದಲ ಸಲ. ನಾವೆಲ್ಲ ಕುಣಿದೆವು, ಕುಣಿಯಬೇಕಾದದ್ದೇ. ಆ ವರ್ಷ ನಾನು ಅತಿಥಿಯಾಗಿ ಹೋದ ಎರಡು ಶಾಲೆಗಳಲ್ಲಿ ಮುಸ್ಲಿಂ ಹುಡುಗಿಯರೇ ವೇದಿಕೆಗೆ ಬಂದು ಬಾನು ಅವರ ಸಾಧನೆಯ ಬಗ್ಗೆ ಮಾತಾಡಿದರು. ಪ್ರಶಸ್ತಿಯ ಹೆಸರು, ತಾರೀಖು, ಮೊತ್ತ ಎಲ್ಲ ಸರಿಯಾಗಿತ್ತು. ಅವರ ಯಾವ ಕಥೆ ಓದಿದ್ದೀರಿ ಎಂದು ಕೇಳಿದೆ. ಒಂದು ಹುಡುಗಿ ಮೇಡಂ ಮುಖ ನೋಡಿದಳು, ಮೇಡಂ ಗಡಿಯಾರ ನೋಡಿದರು.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆಯೇನೂ ಬೇಡ. ಮೇಷ್ಟ್ರುಗಳು ಮೊದಲು ಬರೆದುಕೊಡುವುದನ್ನು ನಿಲ್ಲಿಸಲಿ. ಪರವೋ ವಿರೋಧವೋ ಎಂಬುದನ್ನು ಸ್ಪರ್ಧೆಯ ದಿನ ಚೀಟಿ ಎತ್ತಿ ಹೇಳಲಿ. ಮಾತು ಮುಗಿದ ಮೇಲೆ ಎದುರಿನ ಮಗು ಎರಡು ಪ್ರಶ್ನೆ ಕೇಳಲಿ, ಅದಕ್ಕೆ ಕೊಟ್ಟ ಉತ್ತರಕ್ಕೇ ಅರ್ಧ ಅಂಕ ಇರಲಿ. ಆಗ ಕೇಳಿಸಿಕೊಳ್ಳುವುದು ತಾನಾಗಿ ಬರುತ್ತದೆ. 2019ರ ಕಾಯ್ದೆಯ ಬಗ್ಗೆ ಗೌಡರ ಹುಡುಗನೋ ಬಣಜಿಗರ ಹುಡುಗಿಯೋ ಮಾತಾಡಲಿ. ನಮ್ಮ ಹುಡುಗಿಗೆ ಮಂಗಳಯಾನ ಕೊಡಿ, ಕಾವೇರಿ ಕೊಡಿ, ಕಾಡಾನೆ ಕೊಡಿ. ನಿರ್ಣಾಯಕರಾಗಿ ಹೋಗುವ ಲೇಖಕರಲ್ಲಿ ನನ್ನದೊಂದು ವಿನಂತಿ. ಮಗುವಿನ ಉಚ್ಚಾರ ಹೊಗಳುವ ಮೊದಲು, ಅದು ಈ ವರ್ಷ ಯಾವ ಪುಸ್ತಕ ಓದಿತು ಎಂದು ಮೈಕಿನಲ್ಲೇ ಕೇಳಿ. ಮುಂದಿನ ವರ್ಷಕ್ಕೆ ಶಾಲೆಗಳು ಸಿದ್ಧವಾಗಿ ಬರುತ್ತವೆ, ಉತ್ತರವನ್ನೂ ಬರೆದುಕೊಟ್ಟು ಕಳಿಸಿದರೂ ಸರಿ.

ನಮ್ಮ ಜಮಾತುಗಳಿಗೂ ಒಂದು ಮಾತು. ಶಾದಿಮಹಲಿಗೆ ಗ್ರಾನೈಟು ಹಾಕಿಸುವ ಹಣದಲ್ಲಿ ನೂರನೆಯ ಒಂದು ಪಾಲು ತೆಗೆದಿಟ್ಟರೆ ಕನ್ನಡ, ಉರ್ದು ಎರಡರದ್ದೂ ಒಳ್ಳೆಯ ಕಾದಂಬರಿಗಳ ಒಂದು ಕಪಾಟು ಆಗುತ್ತದೆ. ಹೆಣ್ಣುಮಕ್ಕಳು ಬಂದು ಕೂತು ಓದುವಂಥ ಜಾಗದಲ್ಲಿ ಅದಿರಬೇಕು. ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಲಿ ಎನ್ನುವುದು ಸುಲಭ. ಆದರೆ ಅಲ್ಲಿ ಬೆಳಿಗ್ಗೆಯಿಂದ ಪೇಪರು ಹಿಡಿದು ಕೂತ ಗಂಡಸರ ನಡುವೆ ಒಂಬತ್ತನೇ ತರಗತಿಯ ಹುಡುಗಿ ಹೋಗಿ ಕಾದಂಬರಿ ಕೇಳುವುದು ಎಷ್ಟು ಕಷ್ಟವೆಂದು ಹೋದವರಿಗೇ ಗೊತ್ತು. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಮ್ಮ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯದ ಕರ ವಸೂಲಾಗುತ್ತದೆ. ಮೊಹಲ್ಲಾದ ಪ್ರತಿ ಮನೆಯೂ ಅದನ್ನು ಕಟ್ಟುತ್ತಿದೆ. ಕಟ್ಟುವವರು ಮಕ್ಕಳಿಗೊಂದು ಹೊತ್ತು, ಮಕ್ಕಳಿಗೊಂದು ಮೂಲೆ ಕೇಳಿದರೆ ಅದು ಭಿಕ್ಷೆಯಲ್ಲ. ಹಳ್ಳಿಗಳಲ್ಲಿ 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಪಂಚಾಯಿತಿ ಗ್ರಂಥಾಲಯಗಳಲ್ಲಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಪಟ್ಟಣದ ಮಕ್ಕಳು ಯಾವ ಪಾಪ ಮಾಡಿದ್ದಾರೆ?

ಶಾಲೆಯ ಬೀರುವಿನ ವಿಷಯಕ್ಕೆ ಎಸ್‌ಡಿಎಂಸಿ ಸಭೆಯೇ ಸರಿಯಾದ ಜಾಗ. ನಮ್ಮ ತಂದೆ ತಾಯಂದಿರು ಆ ಸಭೆಗೆ ಹೋಗುವುದೇ ಕಡಿಮೆ, ಹೋದರೂ ಬಿಸಿಯೂಟ, ಸಮವಸ್ತ್ರದ ಮಾತಾಡಿ ಬರುತ್ತಾರೆ. ಮುಂದಿನ ಸಭೆಯಲ್ಲಿ ಗ್ರಂಥಾಲಯದ ದಾಸ್ತಾನು ಪುಸ್ತಕ ತರಿಸಿ ನೋಡಿ. ಬೀರುವಿನಲ್ಲಿ ಎಷ್ಟು ಕಾದಂಬರಿಗಳಿವೆ, ಈ ವರ್ಷ ಎಷ್ಟು ಮಕ್ಕಳ ಹೆಸರಿಗೆ ಪುಸ್ತಕ ಹೋಗಿದೆ, ವೇಳಾಪಟ್ಟಿಯಲ್ಲಿ ಬರೆದಿರುವ ಗ್ರಂಥಾಲಯದ ಪೀರಿಯಡ್ಡಿನಲ್ಲಿ ನಿಜಕ್ಕೂ ಯಾವ ಪಾಠ ನಡೆಯುತ್ತಿದೆ, ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಕೆಳಗೆ ನಿಮ್ಮ ಸಹಿ ಕನ್ನಡದಲ್ಲಾದರೂ ಹಾಕಿ, ಉರ್ದುವಿನಲ್ಲಾದರೂ ಹಾಕಿ.